ಜಿಲೇಬಿ ಮೀನಿನ ಉಸ್ತುವಾರಿ

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಬೆಳಿಗ್ಗೆ ಹಾಜರಿ ಕರೆಯುವುದು, ಆಳುಗಳನ್ನು ಬ್ಲಾಕುಗಳಿಗೆ ಹಂಚುವುದು, ಆಮೇಲೆ ದಿನವಿಡೀ ಗುಡ್ಡ ಹತ್ತಿ ಇಳಿದು ಕೆಲಸ ನೋಡುವುದು. ಹೀಗೆ ಹತ್ತಿ ಇಳಿದದ್ದರ ಫಲವಾಗಿ ಎರಡು ಮಂಡಿಗಳೂ ಒಂದೇ ವರ್ಷ ಕೈಕೊಟ್ಟವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಮೇಲೆ ಸಮತಟ್ಟಾದ ಜಾಗದಲ್ಲಿ ಮಾತ್ರ ಓಡಾಡಬೇಕು ಎಂದರು. ನಮ್ಮ ಎಸ್ಟೇಟಿನಲ್ಲಿ ಸಮತಟ್ಟಾದ ಜಾಗ ಎಂದರೆ ಎರಡೇ: ಕಾಫಿ ಒಣಗಿಸುವ ಕಣ ಮತ್ತು ಕೆರೆಯ ಏರಿ. ಕಣಕ್ಕೆ ಆಗಲೇ ಒಬ್ಬ ಮೇಸ್ತ್ರಿ ಇದ್ದ.

ಸಾಹುಕಾರರು ನನ್ನನ್ನು ಕೆರೆಗೆ ಹಾಕಿದರು.

ಅವರು ಆಗಷ್ಟೇ ಹೋಮ್‌ಸ್ಟೇ ಶುರು ಮಾಡಿದ್ದರು. ಬರುವ ಗೆಸ್ಟುಗಳಲ್ಲಿ ಗಾಳ ಹಾಕುವ ಹವ್ಯಾಸದವರೇ ಹೆಚ್ಚು. ದೂರದ ಊರುಗಳಿಂದ ಕಾರಿನಲ್ಲಿ ಬಂದು, ಮಡಚುವ ಕುರ್ಚಿ ಹಾಕಿಕೊಂಡು ಏರಿಯ ಮೇಲೆ ಕೂತು, ಮೀನು ಹಿಡಿದು, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುತ್ತಾರೆ. ಒಂದೇ ಒಂದು ಮೀನೂ ಕೆರೆಯಿಂದ ಆಚೆ ಹೋಗಬಾರದು ಎಂಬುದು ಸಾಹುಕಾರರ ಕಟ್ಟಪ್ಪಣೆ. ಭಾನುವಾರ ಬಿದಿರಿನ ಕೋಲು ಹಿಡಿದು ಬರುತ್ತಿದ್ದ ಲೈನ್ ಮನೆಯ ಆಳುಗಳನ್ನೂ ತಡೆದದ್ದಾಯಿತು. ತಡೆಯುವ ಕೆಲಸ ನನ್ನದೇ. ಅವರು ನನ್ನನ್ನು ಬೈದುಕೊಂಡರು, ಅದು ನ್ಯಾಯವೇ.

ಕೆಲಸ ಇರುವವರೆಗೆ ಕ್ವಾರ್ಟರ್ಸ್, ಕೆಲಸ ಹೋದರೆ ಕ್ವಾರ್ಟರ್ಸೂ ಹೋಯಿತು. ಎಸ್ಟೇಟಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗೊತ್ತಿಲ್ಲದವರೂ ಇಲ್ಲ. ನನಗೂ ನನ್ನ ಹೆಂಡತಿಗೂ ಬೇರೆ ಮನೆ ಇರಲಿಲ್ಲ. ಆದ್ದರಿಂದ ಮೀನುಗಳ ಯೋಗಕ್ಷೇಮ ನಮ್ಮಿಬ್ಬರಿಗೆ ಬಹಳ ಮುಖ್ಯವಾಯಿತು.

ನನಗೆ ಮೀನಿನ ಬಗ್ಗೆ ಗೊತ್ತಿದ್ದದ್ದು ಸಾರಿನ ತಟ್ಟೆಯ ಮಟ್ಟಕ್ಕೆ ಮಾತ್ರ. ಆದರೂ ಕಾಟ್ಲಾ ಮರಿ, ರೋಹು ಮರಿ, ಗೆಂಡೆ ಮರಿ ತರಿಸಿ ಬಿಟ್ಟೆ, ದಿನಾ ತೌಡು ಹಾಕಿದೆ. ಕೆರೆಯಲ್ಲಿ ಮೊದಲೇ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇತ್ತು. ಅದನ್ನು ಯಾರು ಬಿಟ್ಟರು ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರನ್ನು ತೋರಿಸುತ್ತಿದ್ದರು. ನಾನು ಹಾಕಿದ ತೌಡನ್ನು ಅವೇ ತಿಂದವು. ತಿಂದು ದೊಡ್ಡವಾಗಲಿಲ್ಲ, ಹೆಚ್ಚಾದವು. ಜಿಲೇಬಿಗೆ ವರ್ಷದಲ್ಲಿ ಎಷ್ಟು ಸಲ ಮರಿಯಾಗುತ್ತದೆ ಎಂದು ಲೆಕ್ಕ ಇಡಲು ಹೋಗಿ ನಾನು ಕೈಬಿಟ್ಟೆ. ಎರಡು ವರ್ಷದಲ್ಲಿ ಕೆರೆಯ ತುಂಬ ಅಂಗೈ ಅಗಲದ ಮೀನು. ಅಷ್ಟಗಲ ಬೆಳೆದು, ಅಲ್ಲಿಗೆ ಸಾಕು ಎಂದು ನಿಲ್ಲಿಸಿಬಿಡುತ್ತಿದ್ದವು.

ಗೆಸ್ಟುಗಳು ಕೆಲವರು ವೆನಿಲಾ ವಾಸನೆಯ ಹಿಟ್ಟಿನ ಉಂಡೆ ತರುತ್ತಿದ್ದರು, ಇನ್ನು ಕೆಲವರು ಬಣ್ಣಬಣ್ಣದ ರಬ್ಬರ್ ಹುಳು. ದೊಡ್ಡ ಮೀನಿಗೆಂದು ಹಾಕಿದ ಗಾಳಕ್ಕೆ ಜಿಲೇಬಿ ಬರುತ್ತಿತ್ತು. ಫೋಟೋಗೆ ಮೀನನ್ನು ಕೈಚಾಚಿ ಮುಂದೆ ಹಿಡಿದರೆ ದೊಡ್ಡದಾಗಿ ಕಾಣುತ್ತದಂತೆ. ನಮ್ಮ ಜಿಲೇಬಿಯನ್ನು ಎಷ್ಟು ಮುಂದೆ ಹಿಡಿದರೂ ಜಿಲೇಬಿಯಾಗಿಯೇ ಕಾಣುತ್ತಿತ್ತು. ಹೋಗುವಾಗ ಅವರು ಕಾಫಿ ಚೆನ್ನಾಗಿದೆ, ಕಡುಬು ಚೆನ್ನಾಗಿದೆ ಎನ್ನುತ್ತಿದ್ದರು. ಕೆರೆಯ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಸಾಹುಕಾರರು ನನ್ನ ಕಡೆ ನೋಡುತ್ತಿದ್ದರು, ನಾನು ನೀರಿನ ಕಡೆ ನೋಡುತ್ತಿದ್ದೆ.

ಮೀನುಗಾರಿಕೆಯ ಅಧಿಕಾರಿಯೊಬ್ಬರು ಒಮ್ಮೆ ಬಂದು ನೋಡಿ, "ತಿನ್ನೋರು ಜಾಸ್ತಿ, ಊಟ ಕಮ್ಮಿ. ಬಲೆ ಹಾಕಿ ಜಿಲೇಬಿ ತೆಗೀರಿ, ಉಳಿದಿದ್ದು ಬೆಳೀತಾವೆ" ಎಂದರು. ನಾನು ಅದನ್ನು ಸಾಹುಕಾರರಿಗೆ ಒಪ್ಪಿಸಿದೆ.

"ಅದ್ಹೆಂಗಾಗುತ್ತೆ ರೈಟ್ರೇ? ನಮ್ಮಲ್ಲಿ ಒಂದು ಮೀನೂ ಸಾಯಲ್ಲ ಅಂತ ವೆಬ್‌ಸೈಟಲ್ಲಿ ಹಾಕಿದೀವಲ್ಲ" ಎಂದರು ಅವರು.

ನಾವು ಕೊಲ್ಲಬಾರದು, ಮೀನೇ ಮೀನನ್ನು ತಿಂದರೆ ತಪ್ಪಿಲ್ಲವಲ್ಲ ಎಂದು ನಾನು ಯೋಚಿಸಿದೆ. ಗೋಣಿಬೀಡಿನ ಕಡೆಯ ಪರಿಚಯದವನಿಗೆ ಹೇಳಿ ಒಂದು ಡ್ರಮ್ ಕೊರವ ಮೀನು ತರಿಸಿದೆ. ಕೊರವ ಸಣ್ಣ ಮೀನುಗಳನ್ನು ನುಂಗಿ ಬದುಕುವ ಜಾತಿ. ಹಾವಿನ ತಲೆ, ನೋಡಿದರೇ ಭರವಸೆ ಬರುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆರೆ ಕೋಡಿ ಬಿತ್ತು, ಕೊರವಗಳೆಲ್ಲ ಕೋಡಿಯ ನೀರಿನಲ್ಲಿ ಹೊರಟುಹೋದವು. ಕೆಳಗಿನ ಗದ್ದೆಯವರು ಹಿಡಿದು ಸಾರು ಮಾಡಿಕೊಂಡರು. ಬಹಳ ರುಚಿಯಾಗಿತ್ತು ಎಂದು ದಾರಿಯಲ್ಲಿ ಸಿಕ್ಕಿದಾಗಲೆಲ್ಲ ನೆನಪಿಟ್ಟುಕೊಂಡು ಹೇಳುತ್ತಿದ್ದರು. ಜಿಲೇಬಿಗಳು ಎಲ್ಲಿಗೂ ಹೋಗಲಿಲ್ಲ.

ಹೀಗಿರುವಾಗ ಒಂದು ಬೇಸಿಗೆ ಹೂಮಳೆ ಕೈಕೊಟ್ಟಿತು. ರೋಬಸ್ಟಾ ಗಿಡ ಮೊಗ್ಗು ಕಟ್ಟಿ ಕಾಯುತ್ತದೆ. ಒಂದು ಹದ ನೀರು ಬಿದ್ದರೆ ವಾರದೊಳಗೆ ಅರಳುತ್ತದೆ, ಬೀಳದಿದ್ದರೆ ಮೊಗ್ಗು ಕಪ್ಪಾಗಿ ಆ ವರ್ಷದ ಫಸಲು ಅಲ್ಲಿಗೇ ಮುಗಿಯುತ್ತದೆ. ಮಳೆ ಬಾರದಿದ್ದರೆ ಕೆರೆಯಿಂದ ಪಂಪು ಮಾಡಿ ಜೆಟ್ಟಿನಲ್ಲಿ ಗಿಡಗಳ ಮೇಲೆ ಹಾರಿಸಬೇಕು. ಕೆರೆ ತೋಡಿದ್ದೇ ಅದಕ್ಕೆ. ಗಾಳದ ಗೆಸ್ಟುಗಳು ಬಂದ ಮೇಲೆ ಮಾತ್ರ ಅದು ಮೀನಿಗಾಗಿ ಇರುವ ಕೆರೆ ಎಂದು ಎಲ್ಲರೂ ನಡೆದುಕೊಳ್ಳುತ್ತಿದ್ದರು, ನನ್ನನ್ನೂ ಸೇರಿಸಿ.

ಸಾಹುಕಾರರು ಏರಿಗೆ ಬಂದು ನಿಂತರು.

"ರೈಟ್ರೇ, ಕೆರೆ ನಿಮ್ಮ ಡಿಪಾರ್ಟ್‌ಮೆಂಟು. ಮೀನು ಉಳೀಬೇಕು ಅಂದ್ರೆ ಕೆರೇಲಿ ನೀರು ಎಷ್ಟು ಬಿಡ್ಬೇಕು? ನೀವು ಹೇಳಿದಷ್ಟು ಬಿಡ್ತೀನಿ."

ಅರ್ಧ ಬಿಡಿ ಎಂದರೆ ಸಾಕಿತ್ತು. ಮೀನು ಉಳಿಯುತ್ತಿತ್ತು, ನನ್ನ ಕೆಲಸ ಉಳಿಯುತ್ತಿತ್ತು, ಏರಿಯ ಕೆಳಗಿನ ಬ್ಲಾಕು ಒಣಗುತ್ತಿತ್ತು. ನಾನು ಆ ಬ್ಲಾಕಿನ ಗಿಡಗಳನ್ನು ನೋಡಿದೆ. ಅವುಗಳಲ್ಲಿ ಬಹುಪಾಲು ನಾನೇ ನಿಂತು ನೆಡಿಸಿದವು, ಪ್ರತಿ ವರ್ಷ ಚಿಗುರು ತೆಗೆಸಿದವು. ರೆಂಬೆಯ ಗಿಣ್ಣುಗಿಣ್ಣಿಗೂ ಮೊಗ್ಗು ಇತ್ತು. ನನಗೆ ಮೀನಿನ ಮೇಲೆ ಯಾವತ್ತೂ ಅಷ್ಟು ಅಕ್ಕರೆ ಬಂದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

"ಪೂರ್ತಿ ಹೊಡೀರಿ ಸರ್" ಎಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ನೀರೆಲ್ಲ ಖಾಲಿ ಮಾಡ್ಸಿದ್ರೆ ನಾಳೆಯಿಂದ ನೀವೇನು ಕಾಯ್ತೀರ ಮಾರಾಯ್ರೆ, ಕೆಸರನ್ನಾ?" ಎಂದಳು.

ಪಂಪು ಹಗಲೂ ರಾತ್ರಿ ಓಡಿತು. ನೀರು ತಳಕ್ಕೆ ಬಂದಾಗ ದೊಡ್ಡ ಗೆಂಡೆ, ಕಾಟ್ಲಾಗಳ ಬೆನ್ನು ಅಲ್ಲಲ್ಲಿ ಕಂಡಿತು. ಅಷ್ಟು ದೊಡ್ಡವು ನಮ್ಮಲ್ಲಿ ಇದ್ದವು ಎಂಬುದೇ ನನಗೆ ಹೊಸ ಸುದ್ದಿ. ಅವನ್ನು ಹಿಡಿಸಿ, ಡ್ರಮ್ಮುಗಳಲ್ಲಿ ತುಂಬಿಸಿ, ಪಿಕಪ್ಪಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ತೊಟ್ಟಿಗೆ ಸಾಗಿಸಿದೆ. ಜಿಲೇಬಿಗಳಿಗೆ ಜಾಗವಿರಲಿಲ್ಲ. ಕೆಸರಿನಲ್ಲಿ ಸಾವಿರಾರು ಮೀನು ಕೊಳೆತರೆ ಹೋಮ್‌ಸ್ಟೇಯಲ್ಲಿ ಒಬ್ಬರೂ ನಿಲ್ಲುವುದಿಲ್ಲ ಎಂದು ಹೊಳೆದ ಮೇಲೆ ಸಾಹುಕಾರರು, "ಯಾರ್ಯಾರಿಗೆ ಬೇಕೋ ಹಿಡ್ಕಳಿ ಅಂತ ಹೇಳಿ. ಫೋಟೋ ಮಾತ್ರ ಯಾರೂ ತೆಗೀಬಾರ್ದು" ಎಂದರು.

ಲೈನ್ ಮನೆಯವರು ಅಟ್ಟದಿಂದ ಕೂಣಿಗಳನ್ನು ಇಳಿಸಿದರು. ಕೂಣಿ ಎಂದರೆ ಬಿದಿರಿನ ಬುಟ್ಟಿ. ಅಗಲವಾದ ಬಾಯನ್ನು ಕೆಸರಿಗೆ ಊರಿ, ಮೇಲಿನ ಕಿಂಡಿಯಲ್ಲಿ ಕೈ ಹಾಕಿ ಒಳಗೆ ಸಿಕ್ಕಿದ ಮೀನನ್ನು ತೆಗೆಯುವುದು. ನಾನು ಅಷ್ಟು ದಿನ ಯಾರ್ಯಾರನ್ನು ಏರಿಯಿಂದ ಓಡಿಸಿದ್ದೆನೋ ಅವರೆಲ್ಲರೂ ಸೊಂಟದವರೆಗೆ ಕೆಸರಾಗಿ ನನ್ನ ಮುಂದೆಯೇ ಕೇಕೆ ಹಾಕಿದರು. ಒಬ್ಬಳು ಹೆಂಗಸು ಕೈಯಲ್ಲಿ ನಾಲ್ಕೈದು ಜಿಲೇಬಿ ಎತ್ತಿ ಹಿಡಿದು, "ರೈಟ್ರೇ, ಇದನ್ನ ವಾಪಸ್ ಬಿಡ್ಬೇಕಾ?" ಎಂದು ಕೂಗಿದಳು. ಇಡೀ ಕೆರೆ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಮ್ಮ ಪಾಲಿನದನ್ನು ಹೆಂಡತಿ ಹುಳಿ ಹಿಂಡಿ ಮಾಡಿದಳು. ಮುಳ್ಳು ಜಾಸ್ತಿ.

ವಾರ ಕಳೆಯುವುದರೊಳಗೆ ಕೆಳಗಿನ ಬ್ಲಾಕು ಅರಳಿತು. ಏರಿಯ ಮೇಲೆ ನಿಂತರೆ ಒಂದು ಕಡೆ ಬಿರುಕುಬಿಟ್ಟ ಕೆಸರು, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ಬಿಳಿ. ಘಮ ಏರಿಯವರೆಗೂ ಬರುತ್ತಿತ್ತು. ಮಾಡಿದ್ದು ಸರಿ ಅನ್ನಿಸಿತು. ಕ್ವಾರ್ಟರ್ಸ್ ನೆನಪಾದಾಗ ಅಷ್ಟು ಸರಿ ಅನ್ನಿಸಲಿಲ್ಲ.

ಮಳೆಗಾಲದಲ್ಲಿ ಕೆರೆ ತುಂಬಿತು. ತೊಟ್ಟಿಯ ಮೀನುಗಳನ್ನು ವಾಪಸ್ ಬಿಟ್ಟೆವು. ಪಾಲು ಕೇಳುವವರಿಲ್ಲದೆ ಅವು ಸೊಕ್ಕಿ ಬೆಳೆದವು. ಮಳೆ ನಿಂತ ಮೇಲೆ ಬಂದ ಮೊದಲ ಗುಂಪಿನ ಗಾಳಕ್ಕೆ ಒಂದು ಕಾಟ್ಲಾ ಬಿತ್ತು. ಅದನ್ನು ಎತ್ತಿ ಹಿಡಿಯಲು ಗೆಸ್ಟಿನ ಜೊತೆಗೆ ಅವರ ಭಾವಮೈದುನನೂ ಬೇಕಾಯಿತು. ಫೋಟೋ ಎಲ್ಲೆಲ್ಲೋ ಹೋಯಿತು. ರೂಮುಗಳು ಮುಂಚಿತವಾಗಿಯೇ ಭರ್ತಿಯಾದವು.

ಸಾಹುಕಾರರು ಖುಷಿಯಾಗಿ ನನ್ನ ಹೆಗಲ ಮೇಲೆ ಕೈ ಇಟ್ಟರು.

"ಕೆರೆ ಸರಿಹೋಯ್ತು ರೈಟ್ರೇ. ಇನ್ನು ನೋಡ್ಕೊಳಕ್ಕೆ ಏನಿದೆ? ಎಷ್ಟು ವರ್ಷ ಅಂತ ದುಡೀತೀರ, ನೀವಿನ್ನು ಆರಾಮಾಗಿರಿ. ಹೋಮ್‌ಸ್ಟೇಗೆ ಹೊಸ ಅಡುಗೆಯವ್ರು ಬರ್ತಿದಾರೆ, ಅವ್ರಿಗೂ ಒಂದು ಮನೆ ಬೇಕಲ್ಲ."

ಕೆಟ್ಟ ಮನುಷ್ಯರಲ್ಲ ಅವರು. ಆರಾಮು ಎಂಬುದು ಒಳ್ಳೆಯ ವಸ್ತು, ಅದನ್ನು ನನಗೆ ಕೊಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಕೆರೆ ಹಾಳಾಗಿದ್ದಷ್ಟು ದಿನ ನನ್ನನ್ನು ಇಟ್ಟುಕೊಂಡಿದ್ದರು, ಸರಿಯಾದ ಕೂಡಲೇ ನಾನು ಬೇಡವಾದೆ. ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ. ದೊಡ್ಡ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಬಣಕಲ್‌ನ ತನ್ನ ತಮ್ಮನ ಮನೆಗೆ ಜೀಪಿನಲ್ಲಿ ಕಳಿಸಿದಳು. ಆ ಮನೆಯಲ್ಲಿ ಪಾತ್ರೆಗೆ ಜಾಗವಿತ್ತು, ನಮಗೆ ಇರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಈ ವಯಸ್ಸಿನಲ್ಲಿ, ಈ ಮಂಡಿ ಇಟ್ಟುಕೊಂಡು, ಇನ್ನೊಬ್ಬರ ಜಗುಲಿಯಲ್ಲಿ ಚಾಪೆ ಹಾಸುವುದು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಮನೆ ಬಿಡಬೇಕಾದ ವಾರ ಒಂದು ಬೆಳಿಗ್ಗೆ ಸುಮ್ಮನೆ ಏರಿಗೆ ಹೋದೆ. ಅಂಚಿನ ತಿಳಿನೀರಿನಲ್ಲಿ, ಕೆಸರಿನ ಮೇಲೆ ತಟ್ಟೆಯಷ್ಟಗಲದ ಗುಂಡನೆಯ ಗುಳಿಗಳು ಕಂಡವು. ಗಂಡು ಜಿಲೇಬಿ ಗೂಡು ಮಾಡುವುದು ಹಾಗೆಯೇ. ಬಗ್ಗಿ ನೋಡಿದೆ. ಒಂದು ತಾಯಿ ಜಿಲೇಬಿ, ಅದರ ಮುಂದೆ ಸಾಸಿವೆ ಚೆಲ್ಲಿದ ಹಾಗೆ ಮರಿಗಳು. ನನ್ನ ನೆರಳು ಬಿದ್ದದ್ದೇ ಅಷ್ಟೂ ಮರಿಗಳು ಓಡಿ ತಾಯಿಯ ಬಾಯೊಳಗೆ ಸೇರಿಕೊಂಡವು. ಎಲ್ಲಿ ಉಳಿದಿತ್ತೋ, ಹೇಗೆ ಬಂತೋ, ನಾನಂತೂ ತಂದು ಬಿಟ್ಟದ್ದಲ್ಲ, ದೇವರಾಣೆ. ಮಂಡಿನೋವು ಮರೆತು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿಲ್ಲ.

ಮುಖವನ್ನು ಸಾವಿನ ಮನೆಗೆ ಹೋಗುವವನಂತೆ ಮಾಡಿಕೊಂಡು ಬಂಗಲೆಗೆ ಹೋದೆ.

"ಸರ್, ಜಿಲೇಬಿ ಬಂದಿದೆ."

ಸಾಹುಕಾರರು ಕಾಫಿ ಲೋಟ ಕೆಳಗಿಟ್ಟರು. "ಮತ್ತೆ ಬಂತಾ? ಹಿಡಿದು ಮುಗ್ಸೋಕೆ ಎಷ್ಟು ದಿನ ಬೇಕು?"

"ಅದು ಮುಗಿಯೋ ಕೆಲಸ ಅಲ್ಲ ಸರ್. ದಿನಾ ಒಬ್ರು ತೆಗೀತಾನೇ ಇರ್ಬೇಕು."

ಭರ್ತಿಯಾದ ರೂಮುಗಳು ಅವರ ಕಣ್ಣ ಮುಂದೆ ಬಂದಿರಬೇಕು. "ಸರಿ, ಅಡುಗೆಯವ್ರಿಗೆ ಗೋಡೌನ್ ಪಕ್ಕದ ರೂಮು ಕೊಡ್ಸಿದ್ರಾಯ್ತು. ನೀವು ತೆಗೀರಿ. ಗೆಸ್ಟುಗಳು ಇಲ್ದಾಗ ತೆಗೀರಿ" ಎಂದರು.

ಪಾತ್ರೆಗಳು ಅದೇ ಜೀಪಿನಲ್ಲಿ ವಾಪಸ್ ಬಂದವು. ಈಗ ನಾನು ದಿನಾ ಬೆಳಿಗ್ಗೆ ಗೆಸ್ಟುಗಳು ಏಳುವ ಮುಂಚೆ ಬಿದಿರಿನ ಕೋಲು ಹಿಡಿದು ಏರಿಯ ಮೇಲೆ ಕೂರುತ್ತೇನೆ, ಭಾನುವಾರ ಲೈನ್ ಮನೆಯವರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಸಿಕ್ಕಿದ ಜಿಲೇಬಿಯನ್ನೆಲ್ಲ ಬುಟ್ಟಿಗೆ ಹಾಕುತ್ತೇವೆ. ಬಾಯಲ್ಲಿ ಮರಿ ತುಂಬಿಕೊಂಡ ತಾಯಿಯೇನಾದರೂ ಬಂದರೆ, ಅದನ್ನು ಮಾತ್ರ ನಾನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ನೀರಿಗೆ ಬಿಡುತ್ತೇನೆ.