ಕ್ಷೌರದಂಗಡಿಗೆ ಬರುತ್ತಿದ್ದ ಕಡೆನೀರು

ನಾಬಲ್ ಊರಿನ ಕುಂಬಾರಗೇರಿಯ ತಿರುವಿನಲ್ಲಿ ಲಮೀನನ ಕ್ಷೌರದಂಗಡಿ. ಎರಡು ಕುರ್ಚಿ, ಒಂದು ಕನ್ನಡಿ, ಕತ್ತಿ ಮಸೆಯಲು ಗೋಡೆಗೆ ತೂಗುಬಿಟ್ಟ ಚರ್ಮದ ಪಟ್ಟಿ. ಅರವತ್ತಾರು ವರ್ಷದ ಲಮೀನನಿಗೆ ಒಂದೇ ಒಂದು ಜಂಬವಿತ್ತು: ತನ್ನ ಕುರ್ಚಿಯಿಂದ ಎದ್ದ ಯಾವ ಕುತ್ತಿಗೆಯೂ ಸಂಜೆಗೆ ಕೆಂಪಾಗುವುದಿಲ್ಲ.

ಅದು ಸುಳ್ಳು ಜಂಬವಲ್ಲ. ಗಿರಾಕಿ ಎಷ್ಟೇ ಅವಸರಪಡಿಸಲಿ, ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲನ್ನು ಗಡ್ಡ ಮೆತ್ತಗಾಗುವವರೆಗೆ ಅವನು ತೆಗೆಯುತ್ತಿರಲಿಲ್ಲ. ಕತ್ತಿಯನ್ನು ಕೂದಲು ಮಲಗಿದ ದಿಕ್ಕಿಗೇ ಎಳೆಯುತ್ತಿದ್ದ. ಇನ್ನೂ ನುಣ್ಣಗಾಗಲಿ, ಕೆಳಗಿನಿಂದ ಮೇಲಕ್ಕೊಮ್ಮೆ ಎಳೆ ಎಂದು ಹುಡುಗರು ಕೇಳಿದರೆ, "ಅಷ್ಟು ನುಣ್ಣಗೆ ಬೇಕಂದ್ರೆ ಎದುರಿಗಿರೋ ಕುಂಬಾರನ ಹತ್ರ ಹೋಗು, ಹೂಜಿ ತಿಕ್ಕಿದ ಹಾಗೆ ತಿಕ್ಕಿ ಕಳಿಸ್ತಾನೆ," ಎನ್ನುತ್ತಿದ್ದ. ಆಮೇಲೆ ತಣ್ಣೀರು, ಒದ್ದೆ ಮುಖದ ಮೇಲೆ ಹಗುರವಾಗಿ ಪಟಿಕದ ಕಲ್ಲು, ಕೊನೆಗೆ ಅಂಗೈಗೆ ಸುರಿದುಕೊಂಡ ಕಿತ್ತಳೆಹೂವಿನ ನೀರು. ಉಜ್ಜುವಂತಿಲ್ಲ, ಒತ್ತಿ ಬಿಡಬೇಕು. ತನ್ನ ಗಡ್ಡ ತಾನೇ ಹೆರೆದುಕೊಳ್ಳುವಾಗ ಮಾತ್ರ ಪಟಿಕಕ್ಕೆ ನಿಲ್ಲಿಸುತ್ತಿದ್ದ. ಹೂವಿನ ನೀರನ್ನು ಮುಟ್ಟುತ್ತಿರಲಿಲ್ಲ.

ಆ ನೀರು ವರ್ಷಕ್ಕೊಂದು ಬಾಟಲಿ ಬರುತ್ತಿತ್ತು, ಹಾಜಿ ತೈಯ್ಯಿಬರ ಮನೆಯಿಂದ. ಲಮೀನನಿಗೆ ಇಪ್ಪತ್ತೆಂಟಾಗಿದ್ದಾಗ ಅವನ ತಾಯಿ ಸಿಹಿತಿಂಡಿಯ ತಟ್ಟೆ ಹೊತ್ತು ಆ ಮನೆಗೆ ಹೋಗಿ, ಹಾಜಿಯ ಮಗಳು ತುರ್ಕಿಯಾಳನ್ನು ಕೇಳಿದ್ದಳು. ಹೊದಿಸಿದ ಬಟ್ಟೆಯನ್ನೂ ಬಿಚ್ಚದೆ ತಟ್ಟೆ ವಾಪಸು ಬಂತು. ಕತ್ತಿ ಹಿಡಿಯುವವನ ಮನೆಗೆ, ಚರ್ಮ ಗೀರಿ ಊರವರ ಕೆಟ್ಟ ರಕ್ತ ತೆಗೆಯುವವನ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದಿದ್ದರು ಹಾಜಿ. ಹಾಗೆಂದವರು ಮುಂದಿನ ಶುಕ್ರವಾರ ಎಂದಿನಂತೆ ಬಂದು ಅದೇ ಕತ್ತಿಗೆ ಕುತ್ತಿಗೆ ಕೊಟ್ಟರು. ಗಂಡಸರ ನ್ಯಾಯವೇ ಹಾಗೆ.

ಆ ವಸಂತದಲ್ಲಿ ಹಾಜಿ ಹುಲ್ಲು ಹೆಣೆದ ಬಾಟಲಿಯೊಂದನ್ನು ತಂದಿಟ್ಟರು. "ಮಗಳು ಕೊಟ್ಟಳು. ನನ್ನ ಕುತ್ತಿಗೆಗಂತೆ," ಎಂದರು. ಬಿರಡೆ ತೆಗೆದಾಗ ಅಂಗಡಿಯಲ್ಲಿದ್ದವರೆಲ್ಲ ಮೂಗರಳಿಸಿದರು, ಹಾಜಿ ಹೋದ ಮೇಲೆ ನಕ್ಕರು. ನಾಬಲಿನಲ್ಲಿ ಮನೆಮನೆಯಲ್ಲೂ ಹೂ ಬಟ್ಟಿ ಇಳಿಸುತ್ತಾರೆ. ಮೊದಲು ಇಳಿಯುವ ಘಮಘಮ ನೀರು ಮದುವೆಯ ಸಿಹಿಗೆ, ನೆಂಟರಿಗೆ, ಗೌರವಸ್ಥರಿಗೆ. ಹಬೆ ತಗ್ಗಿದ ಮೇಲೆ ತೊಟ್ಟಿಕ್ಕುವ ಕಡೆನೀರು ನೆಲ ಒರೆಸುವುದಕ್ಕೆ. ಹಾಜಿಯ ಮಗಳು ಕಳಿಸಿದ್ದು ಕಡೆನೀರು.

"ಹೆಣ್ಣೂ ಕೊಡ್ಲಿಲ್ಲ, ನೀರೂ ಕೊಡ್ಲಿಲ್ಲ," ಎಂದ ಅಂಚೆಯ ಮುನ್ಸಫ್. ಆಗಲೂ ಅವನ ಬಾಯಿ ಹಾಗೆಯೇ ಇತ್ತು.

ಲಮೀನ್ ಬಾಟಲಿಯನ್ನು ಮೂಲೆಗೆ ತಳ್ಳಿದ. ಒಂದು ಶುಕ್ರವಾರ ಕೊಲೋನು ಮುಗಿದಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಹಾಜಿಯ ಕುತ್ತಿಗೆಗೆ ಒತ್ತಿದ. ಕೊಲೋನು ಬಿದ್ದರೆ ಟೊಮೆಟೊ ಹಾಗಾಗುತ್ತಿದ್ದ ಕುತ್ತಿಗೆ, ಅವರು ಕಾಫಿ ಮುಗಿಸುವಷ್ಟರಲ್ಲಿ ತಣ್ಣಗಾಗಿತ್ತು. ಮೊದಲ ನೀರಿನಲ್ಲಿ ಎಣ್ಣೆ ತೇಲುತ್ತದೆ, ಆಗತಾನೇ ಹೆರೆದ ಚರ್ಮವನ್ನು ಸುಡುತ್ತದೆ. ಕಡೆನೀರಿನಲ್ಲಿ ಎಣ್ಣೆಯಿಲ್ಲ, ತಂಪು ಮಾತ್ರ. ಊರವರು ನಗುತ್ತಾರೆಂದು ತಿಳಿದೂ ಆ ಹುಡುಗಿ ಗೌರವದ ನೀರು ಬಿಟ್ಟು ಬೇಕಾದ ನೀರು ಕಳಿಸಿದ್ದಳು.

ತುರ್ಕಿಯಾ ಬೇರೆ ಯಾರನ್ನೂ ಮದುವೆಯಾಗಲಿಲ್ಲ. ಲಮೀನ್ ಆದ, ಹೆಂಡತಿ ಜುಹ್ರಾಳೊಂದಿಗೆ ಜಗಳವಿಲ್ಲದೆ ಬಾಳಿದ, ಆರು ವರ್ಷದ ಹಿಂದೆ ಅವಳನ್ನು ಮಣ್ಣು ಮಾಡಿದ. ಹಾಜಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ಇನ್ನು ನೀರು ಬರುವುದಿಲ್ಲ ಎಂದು ಅವನು ಆ ವರ್ಷವೇ ಅಂದುಕೊಂಡಿದ್ದ. ಆದರೆ ಮೇ ತಿಂಗಳಲ್ಲಿ ತುರ್ಕಿಯಾಳ ತಮ್ಮನ ಮಗಳು ರಫೀಕಾ ಸಂತೆಗೆ ಹೋಗುವ ದಾರಿಯಲ್ಲಿ ಬಾಟಲಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು. ಅದೇ ಹುಲ್ಲಿನ ಹೆಣಿಗೆ, ಅದೇ ಕಡೆನೀರು. ಪ್ರತಿ ವರ್ಷ ಮೇ ಬಂದಾಗ ಅವನು ಹೊಸ್ತಿಲನ್ನು ದಿನಕ್ಕೆರಡು ಸಲ ಗುಡಿಸುತ್ತಿದ್ದ.

ಈ ವರ್ಷವೂ ಬಾಟಲಿ ಬಂತು. ಬಿರಡೆ ತೆಗೆದರೆ ಘಮ ಬೀದಿಯವರೆಗೆ ಹೋಯಿತು. ಈ ಸಲ ಹೂವು ಚೆನ್ನಾಗಿ ಬಿಟ್ಟಿರಬೇಕು ಎಂದುಕೊಂಡ. ಅದೇ ಅವನ ತಪ್ಪು.

ಮೂರನೆಯ ದಿನ ಮುನ್ಸಫ್ ಕಾಲರು ಬಿಚ್ಚಿಕೊಂಡೇ ಅಂಗಡಿಗೆ ನುಗ್ಗಿದ. "ನೋಡಪ್ಪಾ ಇಲ್ಲಿ. ಕ್ಷೌರ ಮಾಡಿದ್ಯೋ, ಒಲೆ ಮೇಲೆ ಹುರಿದ್ಯೋ? ನನ್ನ ಹೆಂಡ್ತಿ ಹರಿಸ್ಸಾ ಖಾರ ಬಳ್ಕೊಂಡು ಬಂದ್ಯಾ ಅಂತ ಕೇಳಿದ್ಳು."

"ಕೆರ್ಕೊಂಡಿರ್ತೀಯ."

"ಕೆರ್ಕೊಂಡಿದ್ದು ಉರಿದ ಮೇಲೆ. ಕೈ ನಡುಗ್ತಿದ್ರೆ ಹೇಳ್ಬಿಡು ಮಾರಾಯ, ಬಸ್ ನಿಲ್ದಾಣದ ಹತ್ರ ಹುಡುಗ್ರು ಅಂಗಡಿ ಹಾಕಿದಾರೆ."

ಅದೇ ವಾರ ಇನ್ನಿಬ್ಬರ ಕುತ್ತಿಗೆ ಕೆಂಪಾಯಿತು. ಲಮೀನ್ ಸೋಪು ಬದಲಿಸಿದ, ಕತ್ತಿಯನ್ನು ಮತ್ತೆ ಮಸೆದ, ಕೈ ಚಾಚಿ ಬೆರಳು ನಡುಗುತ್ತಿದೆಯೇ ಎಂದು ನೋಡಿದ. ನಡುಗುತ್ತಿರಲಿಲ್ಲ. ಆಮೇಲೆ ಬಾಟಲಿಯ ನೀರನ್ನು ಗಾಜಿನ ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದ. ಮೇಲೆ ಎಣ್ಣೆಯ ಸಣ್ಣ ಕಣ್ಣುಗಳು ತೇಲುತ್ತಿದ್ದವು.

ಇದು ತುರ್ಕಿಯಾ ತುಂಬಿದ ಬಾಟಲಿಯಲ್ಲ.

ಸತ್ತಿದ್ದರೆ ಮಸೀದಿಯಲ್ಲಿ ಹೇಳುತ್ತಿದ್ದರು, ಊರಿಗೆ ಗೊತ್ತಾಗುತ್ತಿತ್ತು. ಸಾಯದೆ ಇದ್ದವಳು ಮೂವತ್ತೆಂಟು ವರ್ಷದ ಕೆಲಸವನ್ನು ಯಾಕೆ ಬೇರೆಯವರ ಕೈಗೆ ಬಿಟ್ಟಳು? ಮರೆತಳೇ? ಎರಡು ದಿನ ಇದನ್ನೇ ತಲೆಯಲ್ಲಿಟ್ಟುಕೊಂಡು ಕತ್ತಿ ಹಿಡಿದ. ಮೂರನೆಯ ದಿನ ಅಂಗಡಿ ಮುಚ್ಚಿ, ಬಾಟಲಿ ಕಂಕುಳಿಗಿಟ್ಟುಕೊಂಡು, ತಟ್ಟೆ ವಾಪಸು ಬಂದ ದಿನದಿಂದ ತನ್ನ ಮನೆಯವರಾರೂ ತಟ್ಟದಿದ್ದ ಹಾಜಿಯ ಮನೆಯ ನೀಲಿ ಬಾಗಿಲನ್ನು ತಟ್ಟಿದ.

ರಫೀಕಾ ಅರ್ಧ ಬಾಗಿಲು ತೆರೆದು, ಹಿರಿಯರ ಹೆಸರಿಗೆ ಸೇರಿಸುವ 'ಸೀ' ಸೇರಿಸಿ ಮಾತಾಡಿಸಿದಳು. "ಏನಾಯ್ತು, ಸೀ ಲಮೀನ್? ನೀರು ಚೆನ್ನಾಗಿಲ್ವಾ? ಮೊದಲನೇದೇ ತುಂಬಿಸಿದ್ದೆ, ನಿಮಗೋಸ್ಕರ ಅಂತ."

"ಚೆನ್ನಾಗಿದೆ ಮಗಳೇ. ಅದೇ ತೊಂದರೆ ಆಗಿದ್ದು. ಪ್ರತಿ ವರ್ಷ ತುಂಬ್ತಿದ್ದೋರು...?"

"ಅತ್ತೆ ಚಳಿಗಾಲದಲ್ಲಿ ಬಿದ್ರು. ಬಲಗೈ ಏಳಲ್ಲ. ಬಾರ್ಬರ್ ಅಂಗಡಿಗೆ ಕಡೇದು ಕೊಡು ಅಂತ ಹೇಳಿದ್ರು. ಬುದ್ಧಿ ಸ್ವಲ್ಪ ಅತ್ತಿತ್ತ ಆಗಿದೆ ಅಂದ್ಕೊಂಡೆ. ನೆಲ ಒರೆಸೋ ನೀರನ್ನ ಯಾರಾದ್ರೂ ಮರ್ಯಾದಸ್ಥರಿಗೆ ಕೊಡ್ತಾರಾ?"

"ಬುದ್ಧಿ ಅತ್ತಿತ್ತ ಆಗಿರೋದು ಯಾರಿಗೆ ಅಂತ ಕೇಳು, ರಫೀಕಾ," ಎಂದು ಅಂಗಳದಿಂದ ಧ್ವನಿ ಬಂತು. "ಯಾರ ಮುಖ ಉರಿಯಿತಂತೆ?"

ಲಮೀನ್ ಬಗ್ಗಿ ನೋಡಿದ. ಬಾಗಿಲ ಸಂದಿಯಲ್ಲಿ ಅವನಿಗೆ ಕಂಡದ್ದು ನಿಂಬೆಗಿಡದ ಕುಂಡ, ಒಂದು ಕುರ್ಚಿಯ ಹಿಂಬದಿ. "ಮುನ್ಸಫನದು, ಲಲ್ಲಾ ತುರ್ಕಿಯಾ," ಎಂದ, ಅವನೂ ಗೌರವದಿಂದ.

"ಅಂಚೆಯವನಾ? ಅವನಿಗಾದ್ರೆ ಪರವಾಗಿಲ್ಲ." ಆಮೇಲೆ, "ನಿಮ್ಮ ಮುಖ?" ಎಂದಳು ತುರ್ಕಿಯಾ.

"ನಾನದನ್ನ ಹಾಕ್ಕೊಳ್ಳಲ್ಲ. ಬರೀ ಪಟಿಕ."

"ಈ ವರ್ಷವಾ?"

"ಯಾವತ್ತೂ. ನಿಮ್ಮಪ್ಪನ ಕುತ್ತಿಗೆಗೆ ಅಂತ ಬಂದಿದ್ದು. ನನಗೆ ಅಂತ ಯಾರೂ ಹೇಳಿರಲಿಲ್ಲ."

ರಫೀಕಾ ಒಳಗೊಮ್ಮೆ ಹೊರಗೊಮ್ಮೆ ನೋಡಿದಳು.

"ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತು, ಸೀ ಲಮೀನ್," ಎಂದಿತು ಧ್ವನಿ, ಏರಿಳಿತವಿಲ್ಲದೆ. "ಆಮೇಲಿನದನ್ನ ನಾನು ಯಾರಿಗೆ ಕಳಿಸ್ತಿದ್ದೆ ಅಂದ್ಕೊಂಡ್ರಿ? ಅಂಚೆಯವನಿಗಾ?"

ಲಮೀನ್ ಬಾಟಲಿಯನ್ನು ರಫೀಕಾಳ ಕೈಗಿತ್ತ.

"ಬಚ್ಚಲ ಮೂಲೇಲಿ ಕಡೇದು ಅರ್ಧ ಡಬ್ಬ ಉಳಿದಿದೆ, ಸೋಸಿ ತುಂಬಿಸ್ಕೊಡು," ಎಂದು ತುರ್ಕಿಯಾ ರಫೀಕಾಳಿಗೆ ಹೇಳಿದಳು. "ಮುಂದಿನ ವರ್ಷ ಪಕ್ಕದಲ್ಲಿ ಕೂತು ತೋರಿಸ್ಕೊಡ್ತೀನಿ. ಕೈ ಹೋಗಿದೆ, ಬಾಯಿ ಇದೆ."

ಮರುದಿನ ಬೆಳಿಗ್ಗೆ ಲಮೀನ್ ಅಂಗಡಿಗೆ ಬೇಗ ಬಂದ. ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಟವೆಲ್ಲು ಹಿಂಡಿ, ನೊರೆ ಕಲಸಿ, ತನ್ನ ಗಡ್ಡವನ್ನು ಗಿರಾಕಿಯ ಗಡ್ಡದಂತೆ ನಿಧಾನವಾಗಿ ಹೆರೆದ. ತಣ್ಣೀರು, ಪಟಿಕ. ಆಮೇಲೆ ಬಾಟಲಿಯ ಬಿರಡೆ ತೆಗೆದು ಎರಡೂ ಅಂಗೈಗೆ ಸುರಿದುಕೊಂಡು ಕೆನ್ನೆಗೆ, ಕುತ್ತಿಗೆಗೆ ಒತ್ತಿ, ಕೈ ತೆಗೆಯದೆ ನಿಂತ. ಘಮ ಹೆಚ್ಚೇನಿರಲಿಲ್ಲ. ತಂಪಾಗಿತ್ತು.

ಹೊರಗೆ ಮುನ್ಸಫ್ ಬಾಗಿಲು ಬಡಿಯುತ್ತಿದ್ದ. "ಏಯ್, ಒಳಗಿದ್ಯಾ? ತೆಗಿಯೋ, ಕುತ್ತಿಗೆ ತಂದಿದೀನಿ."

ಲಮೀನ್ ಮುಖದ ಮೇಲಿನ ನೀರು ತಾನಾಗಿ ಆರುವವರೆಗೆ ಬಾಗಿಲು ತೆಗೆಯಲಿಲ್ಲ.