ಮೈಕಕ್ಕ ಬಾಯಿ ಮುಚ್ಚಿದ ಸಂಜೆ

ಆರೋಗ್ಯ ಕೇಂದ್ರದ ಆ ಹಿರಿಯ ಕಾರ್ಯಕರ್ತೆಗೆ ಬೀದಿಯವರು ಇಟ್ಟ ಹೆಸರು ಮೈಕಕ್ಕ. ಬಾಗಿಲು ತಟ್ಟುವ ಮುನ್ನವೇ ಅವಳ ಉಪದೇಶ ಮನೆಯೊಳಗೆ ಹೋಗಿ ಕೂತಿರುತ್ತಿತ್ತು. ಅಂಥವಳನ್ನು ಎರಡು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಕಲಿಸಿದ್ದು ಇಷ್ಟೇ: ರೋಗಿಯನ್ನು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಅಭ್ಯಾಸ ಮಾಡಿಸಿದಾಗ ಮೈಕಕ್ಕ ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ತಾನೇ ಹೇಳಿಬಿಟ್ಟಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. "ಸುಮ್ನಿರೋದಕ್ಕೂ ಒಂದು ತರಬೇತಿ ಬೇರೆ ಕೇಡು!" ಎಂದು ಗೊಣಗುತ್ತಲೇ ಅವಳು ಮನೆಗೆ ಬಂದಳು.

ಅತ್ತೆಯ ಬಿಪಿ ಮಾತ್ರೆಯ ಸ್ಟ್ರಿಪ್ ಕಿಟಕಿಯ ಮೇಲೆ ಇಟ್ಟ ಹಾಗೇ ಇತ್ತು. ದಿನವೂ ಇದಕ್ಕೇ ಮನೆಯಲ್ಲಿ ರಂಪ. "ಊರಿಗೆಲ್ಲ ಬುದ್ಧಿ ಹೇಳ್ತೀನಿ, ನನ್ನ ಮನೇಲೇ ಹೀಗೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೈಕಕ್ಕ ಅದನ್ನು ನುಂಗಿಕೊಂಡಳು.

"ಅತ್ತೆ, ಮಾತ್ರೆ ತಗೊಳ್ಳೋಕೆ ಏನು ಕಷ್ಟ ಆಗ್ತಿದೆ?" ಎಂದು ಕೇಳಿ, ತುಟಿ ಕಚ್ಚಿ ಎದುರು ಕೂತಳು.

ಅತ್ತೆ ಎಂದಿನ ಬೈಗುಳಕ್ಕೆ ಕಾದರು. ಅದು ಬರಲಿಲ್ಲ. ಕೊನೆಗೆ ಗಂಟುಗಂಟಾದ ಬೆರಳುಗಳನ್ನು ಮುಂದೆ ಚಾಚಿದರು. "ಅದನ್ನ ಒತ್ತಿ ತೆಗೆಯೋಕೆ ಬೆರಳಲ್ಲಿ ಶಕ್ತಿ ಇಲ್ಲ ಕಣೇ. ದಿನಾ ನಿನ್ನನ್ನ ಕರೆಯೋಕೆ ನಾಚಿಕೆ."

ಮೈಕಕ್ಕ ಒಂದು ಮಾತ್ರೆ ಒತ್ತಿ ತೆಗೆದು ಅತ್ತೆಯ ಅಂಗೈಗೆ ಹಾಕಿದಳು, ನೀರು ಕೊಟ್ಟಳು. ಆಮೇಲೆ ಪಕ್ಕದಲ್ಲೇ ಕೂತು ಆ ಬೆರಳುಗಳನ್ನು ಮೆಲ್ಲಗೆ ನೀವತೊಡಗಿದಳು.

ಅತ್ತೆ ಮಾತ್ರೆ ನುಂಗಿ ಸೊಸೆಯ ಮುಖವನ್ನೇ ನೋಡಿದರು.

"ನೀನು ಹೀಗೆ ಸುಮ್ನೆ ಕೂತ್ರೆ ಭಯ ಆಗುತ್ತೆ ಕಣೇ. ಒಂದೆರಡು ಬೈದುಬಿಡು."