ಜಾಗದ ಮೇಷ್ಟ್ರು

ಕಂಪ್ಯೂಟರಿನೊಳಗೆ ಅಂಕಿಗಳಿಗೂ ಕೂರಲು ಜಾಗ ಬೇಕು ಎಂದರೆ ನಂಬುವವರು ಕಡಿಮೆ. ದೊಡ್ಡ ಲೆಕ್ಕ ಶುರುವಾಗುವ ಮೊದಲು ಮೆಮೊರಿಯಲ್ಲಿ ಇಷ್ಟು ಜಾಗ ಬಿಡಿಸಿಕೊಡಿ ಎಂದು ಕೇಳಬೇಕು, ಮುಗಿದ ಮೇಲೆ ಮರ್ಯಾದೆಯಾಗಿ ವಾಪಸ್ ಒಪ್ಪಿಸಬೇಕು. ಸಂಶೋಧಕರೆಲ್ಲ ಬಳಸುವ ಲೆಕ್ಕದ ಸಾಫ್ಟ್‌ವೇರ್ ಲೈಬ್ರರಿಯೊಂದರಲ್ಲಿ ಆ ಕೇಳುವ, ಒಪ್ಪಿಸುವ ಪ್ರೋಗ್ರಾಮಿನ ಸಾಲುಗಳನ್ನು ಬರೆದವರು ಇವರು. ಗಣಿತ ಬರೆದವರ ಫೋಟೊ ಪೇಪರಿನಲ್ಲಿ ಬಂತು. ಇವರ ಪಾಲಿಗೆ ಬಂದದ್ದು ಆಫೀಸಿನವರು ಇಟ್ಟ ‘ಜಾಗದ ಮೇಷ್ಟ್ರು’ ಎಂಬ ಅಡ್ಡಹೆಸರು ಮಾತ್ರ.

ಐವತ್ತು ದಾಟುತ್ತಲೇ ಕಣ್ಣು ಕೈಕೊಟ್ಟಿತು. ಒಂದು ಪೂರ್ತಿ ಹೋಯಿತು. ಇನ್ನೊಂದರ ಒಳಪರದೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿದೆ, ಆಪರೇಷನ್ ತಡಮಾಡಿದಷ್ಟೂ ನೋಟ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಆಪರೇಷನ್ ಆದ ಮೇಲೆ ವಾರಗಟ್ಟಲೆ ಬೋರಲು ಮಲಗಿರಬೇಕಂತೆ. ಮೇಷ್ಟ್ರು ಒಪ್ಪಲಿಲ್ಲ. ಅವರ ಸಾಲುಗಳಲ್ಲೊಂದು ದೋಷವಿತ್ತು. ಲೆಕ್ಕ ಮುಗಿದರೂ ಜಾಗವನ್ನು ಬಿಟ್ಟುಕೊಡದೆ ಹಿಡಿದುಕೊಂಡು ಕೂರುತ್ತಿದ್ದವು. ತಾನು ಮಲಗಿಬಿಟ್ಟರೆ ಊರಿನವರ ಲೆಕ್ಕವೆಲ್ಲ ನಿಂತುಹೋಗುತ್ತದೆ, ಅದನ್ನು ಸರಿಮಾಡಿಯೇ ಆಸ್ಪತ್ರೆ ಎಂದು ಹಟ ಹಿಡಿದರು. ಕಣ್ಣಿನ ಮಾತನ್ನು ಆಫೀಸಿನಲ್ಲಿ ಬಾಯಿಬಿಡಲೂ ಇಲ್ಲ. ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ ಎಂದರು, ಆಫೀಸಿನವರು ಆಗಲಿ ಎಂದರು.

ಹಾಗಾಗಿ ಸಂಜೆ ಹೊಲಿಗೆ ಮಷಿನ್ ಮುಚ್ಚಿದ ಮೇಲೆ ಹೆಂಡತಿ ಸ್ಕ್ರೀನಿನ ಮುಂದೆ ಕೂತು ಸಾಲುಸಾಲಾಗಿ ಓದುವಳು, ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ ತಿದ್ದಿಸುವರು. ಮೊದಮೊದಲು ಅವಳ ನಾಲಿಗೆ ತೊಡರುತ್ತಿತ್ತು. ಬರಬರುತ್ತ ‘ಫ್ಲವರ್ ಬ್ರ್ಯಾಕೆಟ್ ಶುರು, ಫ್ಲವರ್ ಬ್ರ್ಯಾಕೆಟ್ ಮುಗೀತು’ ಎಂದು ಒಗ್ಗರಣೆ ಹಾಕುವಷ್ಟು ಸಲೀಸಾಗಿ ಓದಿದಳು. ಜಾಗ ಕೇಳುವ ಮ್ಯಾಲಾಕ್ ಎಂಬ ಮಾತು ಅವಳ ಬಾಯಲ್ಲಿ ಮಲ್ಲಕ್ಕನಾಗಿತ್ತು.

“ಮತ್ತೆ ಬಂದ್ಲು ನೋಡಿ ನಿಮ್ಮ ಮಲ್ಲಕ್ಕ. ಎಷ್ಟು ಕೊಟ್ರೂ ಸಾಲದು ಅವಳಿಗೆ.”

“ನಿನ್ನ ತಮ್ಮನಿಗಿಂತ ವಾಸಿ ಕಣೇ. ಅವಳು ಕೇಳಿ ತಗೋತಾಳೆ.”

ದೋಷ ಮಾತ್ರ ಸಿಗಲೊಲ್ಲದು. ಅವರ ಕಣ್ಣಿನ ಮೂಲೆಯ ಕತ್ತಲೆ ಮೂಗಿನ ತನಕ ಬಂತು. ಆಗೊಂದು ಸಂಜೆ ಮೇಷ್ಟ್ರು, ನಮ್ಮ ಸಾಲುಗಳನ್ನು ನೋಡಿದ್ದಾಯಿತು, ಇವನ್ನು ಕರೆದು ಕೆಲಸ ಮಾಡಿಸಿಕೊಳ್ಳುವ ಕಡೆಯಿಂದಲೂ ಒಮ್ಮೆ ನೋಡೋಣ ಎಂದರು. ಹೆಂಡತಿ ಅದುವರೆಗೆ ತೆಗೆಯದಿದ್ದ ಇನ್ನೊಂದು ಫೈಲು ತೆಗೆದಳು. ಓದುತ್ತ ಓದುತ್ತ ಗಕ್ಕನೆ ನಿಂತಳು. ಸಾಲುಗಳ ನಡುವೆ ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಟಿಪ್ಪಣಿ ಬರೆದಿದ್ದರು.

“ಯಾಕೆ ನಿಲ್ಲಿಸಿದೆ?”

ಹಾರಿಸಿ ಮುಂದೆ ಹೋಗಿಬಿಡೋಣ ಎನ್ನಿಸಿತು ಅವಳಿಗೆ. ಹಾರಿಸಿದರೆ ನಾಳೆಯೂ ಹೀಗೇ ಕೂರುತ್ತಾರೆ, ನಾಡಿದ್ದೂ ಕೂರುತ್ತಾರೆ, ಇರುವ ಒಂದು ಕಣ್ಣೂ ಮುಚ್ಚಿಹೋಗುತ್ತದೆ. ಓದಿದರೆ ಇವರಲ್ಲಿ ಉಳಿಯುವುದಾದರೂ ಏನು? ಸೆರಗಿನಿಂದ ಬಾಯೊರೆಸಿಕೊಂಡು ಓದಿದಳು.

“ಜಾಗದ ಮೇಷ್ಟ್ರ ಸಾಲುಗಳನ್ನ ಈಗ ಯಾರೂ ಕರೆಯಲ್ಲ. ಬೇರೆ ಹಾಕಿದೀವಿ. ಅವರಿಗೆ ಹೇಳಬೇಡಿ, ನೊಂದ್ಕೋತಾರೆ.”

ಮೇಷ್ಟ್ರು ಅದನ್ನೇ ಇನ್ನೊಮ್ಮೆ ಓದಿಸಿದರು. ಬರೆದದ್ದು ಯಾರು ಎಂದು ಕೇಳಿದರು. ಟಿಪ್ಪಣಿಯ ಕೊನೆಗೆ ಹೆಸರೂ ತಾರೀಖೂ ಇದ್ದವು. ಅವರೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ ಹುಡುಗಿ. ಯಾವಾಗ ಎಂದರು. ಹೋದ ವರ್ಷ. ಆಮೇಲೆ ಗೋಡೆ ತಡವಿಕೊಂಡು ಎದ್ದರು.

“ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡು.”

ಆಪರೇಷನ್ ಆಯಿತು. ತಡವಾಗಿಬಿಟ್ಟಿದೆ, ಇನ್ನು ಬೆಳಕು ನೆರಳು ತಿಳಿದೀತು, ಅಕ್ಷರ ಕಾಣದು ಎಂದರು ಡಾಕ್ಟರು. ಸುದ್ದಿ ತಿಳಿದು ಆ ಹುಡುಗಿ ಓಡಿ ಬಂದಳು. ಮೇಷ್ಟ್ರು ಬೋರಲು ಮಲಗಿದ್ದರು. ಅವಳು ಅವರ ಬೆನ್ನಿಗೆ ಹೇಳಿಕೊಂಡಳು, ಅವರು ದಿಂಬಿಗೆ ಉತ್ತರ ಕೊಟ್ಟರು.

“ಕಣ್ಣು ಹೀಗಾಗಿದೆ ಅಂತ ಗೊತ್ತಿರಲಿಲ್ಲ ಸರ್. ಗೊತ್ತಿದ್ದಿದ್ರೆ ಅವತ್ತೇ ಹೇಳಿಬಿಡ್ತಿದ್ದೆ.”

“ನಾನೂ ಹೇಳಲಿಲ್ಲವಲ್ಲಮ್ಮ. ಆ ಸಾಲುಗಳು ಇನ್ನೂ ಅಲ್ಲೇ ಇದಾವಾ?”

“ಇದಾವೆ ಸರ್. ತೆಗೆಯೋಕೆ ಯಾರಿಗೂ ಮನಸ್ಸು ಬರಲಿಲ್ಲ.”

“ತೆಗೆದುಬಿಡು. ಇನ್ನೊಬ್ಬರು ಯಾರಾದ್ರೂ ಅದನ್ನ ಓದ್ತಾ ಕೂತಾರು.”

ಹೆಂಡತಿ ಅವಳನ್ನು ಬಾಗಿಲ ತನಕ ಬಿಡಲು ಬಂದಳು. ಹುಡುಗಿ ಚಪ್ಪಲಿ ಮೆಟ್ಟುತ್ತ, ನನ್ನ ಮೇಲೆ ಸಿಟ್ಟಿದೆಯಾ ಅಮ್ಮ ಎಂದು ಕೇಳಿದಳು. ಇಲ್ಲ ಎನ್ನಬೇಕೆಂದಿದ್ದ ಹೆಂಡತಿ, ನೋಡಿಕೊಂಡು ಇಳಿ ಎಂದಷ್ಟೇ ಹೇಳಿದಳು. ಹುಡುಗಿ ಮೆಟ್ಟಿಲಿಳಿದು ಕಾಣದಾಗುವ ತನಕ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು.